ಐಟಿಐ ಮುಗಿಸಿದವರೇ, ಅಪ್ರೆಂಟಿಸ್‌ಗೆ ಸೇರುವ ಮುನ್ನ

ಫಿಟ್ಟರ್ ವಿಭಾಗದಲ್ಲಿ ಕಲಿಸುವ ನನ್ನನ್ನು ಹುಡುಗರು ಮೊದಲು ಕೇಳುವುದು, ‘ಸರ್, ತಿಂಗಳಿಗೆ ಎಷ್ಟು ಕೊಡುತ್ತಾರೆ?’ ಎಂದು. ಅದಕ್ಕಿಂತ ಮೊದಲು ಕಂಪನಿಯವರನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ‘ನನ್ನ ಒಪ್ಪಂದವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸುತ್ತೀರಾ?’ 1961ರ ಅಪ್ರೆಂಟಿಸ್ ಕಾಯ್ದೆ ನಿಮ್ಮ ಬೆನ್ನಿಗೆ ನಿಲ್ಲುವುದು ಆ ನೋಂದಣಿಯಿಂದಲೇ. ಅದಿಲ್ಲದೆ ‘ಟ್ರೈನಿ’ ಎಂದು ಬ್ಯಾಡ್ಜ್ ತೊಡಿಸಿ ವರ್ಷವಿಡೀ ದುಡಿಸಿಕೊಳ್ಳುವವರಿದ್ದಾರೆ. ಕೊನೆಗೆ ಕೈಗೆ ಬರುವುದು ಕಂಪನಿಯ ಲೆಟರ್‌ಹೆಡ್‌ನ ಒಂದು ಅನುಭವ ಪತ್ರ. ಅದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಅಲ್ಲ.

ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೀವೇ ಹೆಸರು ನೋಂದಾಯಿಸಿಕೊಳ್ಳಬಹುದು, ಸೈಬರ್ ಸೆಂಟರ್‌ಗೆ ದುಡ್ಡು ಸುರಿಯಬೇಕಿಲ್ಲ. ಆದರೆ ಕೂರುವ ಮೊದಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನಮ್ಮ ಕಡೆಯ ಹುಡುಗರಿಗೆ ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ. ಹುಟ್ಟಿದ ದಿನಾಂಕವೂ ಕೆಲವೊಮ್ಮೆ ಬೇರೆ. ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಿದ್ದುಪಡಿ ಮೊದಲು, ಅರ್ಜಿ ಆಮೇಲೆ.

ಬ್ಯಾಂಕ್ ಖಾತೆಯದ್ದು ಇನ್ನೊಂದು ರಗಳೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸೇರಿದವರಿಗೆ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ₹1,500 ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. 2023ರಿಂದ ಆ ಹಣ ನೇರವಾಗಿ ಹುಡುಗರ ಖಾತೆಗೇ ಬರುತ್ತಿದೆ. ಹಾಗಾಗಿ ಕಂಪನಿಯ ಪಾಲು ಒಂದು ದಿನ, ಸರ್ಕಾರದ ಪಾಲು ಇನ್ನೊಂದು ದಿನ ಜಮೆಯಾದರೆ ಗಾಬರಿ ಬೇಡ. ಸರ್ಕಾರದ ಪಾಲು ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಅದು ವಿದ್ಯಾರ್ಥಿವೇತನಕ್ಕೆಂದು ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಯಾಗಿದ್ದರೆ, ಹಣ ಸದ್ದಿಲ್ಲದೆ ಅಲ್ಲಿ ಬೀಳುತ್ತಿರುತ್ತದೆ, ನೀವು ಮ್ಯಾನೇಜರ್ ಜೊತೆ ಜಗಳಕ್ಕೆ ನಿಂತಿರುತ್ತೀರಿ. ಬ್ಯಾಂಕಿಗೆ ಹೋಗಿ ಜೋಡಣೆ ಯಾವ ಖಾತೆಗಿದೆ ಎಂದು ವಿಚಾರಿಸಿ.

ಕಂಪನಿ ಒಪ್ಪಿದ ಮೇಲೆ ಒಪ್ಪಂದ ಸಿದ್ಧವಾಗುತ್ತದೆ. ಹದಿನೆಂಟು ತುಂಬದವರಿದ್ದರೆ ಪೋಷಕರು ಸಹಿ ಹಾಕಬೇಕು. ಸಹಿಯಾದ ಏಳು ದಿನದೊಳಗೆ ಅದರ ವಿವರವನ್ನು ಪೋರ್ಟಲ್‌ಗೆ ಏರಿಸುವುದು ಮಾಲೀಕರ ಕೆಲಸ. ಒಪ್ಪಂದದಲ್ಲಿ ನಿಮ್ಮ ಟ್ರೇಡ್ (ಕಲಿಯುವ ಕಸುಬು), ಆರಂಭದ ಮತ್ತು ಮುಗಿಯುವ ದಿನಾಂಕ, ಶಿಷ್ಯವೇತನ ಇವನ್ನು ಕಣ್ಣಾರೆ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ‘ನಿಮಗೆ ಉಪಕಾರ ಮಾಡುತ್ತಿದ್ದೇವೆ’ ಎಂಬ ಧಾಟಿಯಲ್ಲಿ ಮಾತಾಡುವವರು ಸಿಗುತ್ತಾರೆ. ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂಬುದು ಅವರಿಗೂ ಗೊತ್ತಿರುತ್ತದೆ.

ಒಳಗೆ ಹೋದ ಮೇಲೆ ನೀವು ಕಾರ್ಮಿಕರಲ್ಲ, ಕಲಿಯುವವರು. ಪಿಎಫ್ ಇಲ್ಲ. ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ, ಅಪ್ರೆಂಟಿಸ್‌ಶಿಪ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಯ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ. ಪ್ರತಿ ಸಂಜೆ ಅಂದು ಮಾಡಿದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಯಂತ್ರ, ಯಾವ ಅಳತೆ, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವಷ್ಟು ಹೆಚ್ಚುಕಮ್ಮಿ). ಮೂರು ತಿಂಗಳ ಪುಟಗಳಲ್ಲಿ ‘ಡ್ರಿಲ್ಲಿಂಗ್, ಡ್ರಿಲ್ಲಿಂಗ್’ ಎಂದಷ್ಟೇ ಇದ್ದರೆ ಫೋರ್‌ಮನ್ ಮುಂದೆ ಅದನ್ನೇ ತೆರೆದಿಟ್ಟು ವಿಭಾಗ ಬದಲಿಸಿಕೊಡಿ ಎಂದು ಕೇಳಿ. ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಇದೆ, ಅದರಲ್ಲಿ ಪ್ರಾಯೋಗಿಕವೂ ಇದೆ. ಒಂದೇ ಯಂತ್ರದ ಮುಂದೆ ವರ್ಷ ಕಳೆದವನ ಕೈಗೆ ಅರ (ಫೈಲ್) ಹಿಡಿಯುವ ಹದ ತಪ್ಪಿರುತ್ತದೆ. ಆ ಪರೀಕ್ಷೆ ಪಾಸಾದವರಿಗೇ ಪ್ರಮಾಣಪತ್ರ.

ಮೊದಲ ಸಂಸ್ಥೆಯನ್ನು ಯೋಚಿಸಿ ಆರಿಸಿಕೊಳ್ಳಿ. ಒಮ್ಮೆ ಅಪ್ರೆಂಟಿಸ್ ಮುಗಿಸಿದವರನ್ನು ರೈಲ್ವೆ, ಎಚ್‌ಎಎಲ್‌ನಂಥ ಕಡೆ ಮತ್ತೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದಿಲ್ಲ. ಹುಬ್ಬಳ್ಳಿಯ ನೈರುತ್ಯ ರೈಲ್ವೆಯಲ್ಲಿ ಆಯ್ಕೆಗೆ ಲಿಖಿತ ಪರೀಕ್ಷೆ, ಸಂದರ್ಶನ ಎರಡೂ ಇಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಸರಾಸರಿಯೇ ಮಾನದಂಡ. ರೈಲ್ವೆಯಲ್ಲೇ ತರಬೇತಿ ಪೂರೈಸಿದವರಿಗೆ ಲೆವೆಲ್-1 (ಅತ್ಯಂತ ಕೆಳಹಂತದ) ಹುದ್ದೆಗಳಲ್ಲಿ ಶೇ 20 ಮೀಸಲು. ಅದು ಕೆಲಸದ ಭರವಸೆಯಲ್ಲ, ಆ ಹುದ್ದೆಗಳ ನೇಮಕಾತಿ ಪರೀಕ್ಷೆ ಬರೆದೇ ಗೆಲ್ಲಬೇಕು. ತರಬೇತಿ ಕೊಟ್ಟ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದು ಕಾಯ್ದೆಯೂ ಹೇಳುವುದಿಲ್ಲ. ‘ಕಾಯಂ ಮಾಡಿಸುತ್ತೇನೆ’ ಎಂದು ಹಣ ಕೇಳುವ ದಲ್ಲಾಳಿಗೆ ಟೀ ಕೂಡ ಕುಡಿಸಬೇಡಿ.

ಇನ್ನು ಶಿಷ್ಯವೇತನ. ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ ₹7,000 ನಿಗದಿ ಮಾಡಿತ್ತು. ದರ ಆಗಾಗ ಪರಿಷ್ಕರಣೆಯಾಗುವುದರಿಂದ ಸೇರುವ ದಿನದ ಅಧಿಸೂಚನೆ ನೋಡಿಕೊಳ್ಳಿ. ಡಿಪ್ಲೊಮಾ, ಪದವಿ ಮುಗಿಸಿದ ಅಣ್ಣ ಅಕ್ಕಂದಿರಿಗೆ ಬೇರೆ ಪೋರ್ಟಲ್ ಇದೆ. ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಎಂಬ ಆ ಯೋಜನೆಯನ್ನು ಕರ್ನಾಟಕದ ಮಟ್ಟಿಗೆ ನೋಡಿಕೊಳ್ಳುವುದು ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ.