ನಿಮ್ಮೂರಿನ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬೇಕಾ? ದುಡ್ಡು ಕೇಳುವ ದಾರಿ ಇಲ್ಲಿದೆ

ಸರ್ಕಾರಿ ಶಾಲೆಗೆ ಕಂಪ್ಯೂಟರ್ ಬೇಕು ಅಂದ ಕೂಡಲೇ ಊರಿನವರು ಹೊರಡುವುದು ಶಾಸಕರ ಮನೆಗೆ. ಹೋಗಬಾರದು ಅಂತಲ್ಲ. ಆದರೆ ಅಲ್ಲಿ ರಸ್ತೆ, ಚರಂಡಿ, ಸಮುದಾಯ ಭವನ ಎಲ್ಲವೂ ನಿಮಗಿಂತ ಮುಂದೆ ಸಾಲಿನಲ್ಲಿ ನಿಂತಿರುತ್ತವೆ. ಶಾಲೆಯ ಡಿಜಿಟಲ್ ಸಲಕರಣೆಗೆ, ವಿಜ್ಞಾನ–ಗಣಿತದ ಕಲಿಕೆಗೆ ಅಂತಲೇ ಬೇರೆ ದುಡ್ಡು ಇದೆ. ಅದು ಬರುವ ದಾರಿಯೂ ಬೇರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪೋಷಕರು, ಮುಖ್ಯ ಶಿಕ್ಷಕರು ಸೇರಿ ಆ ದಾರಿ ಹಿಡಿಯುವುದು ಹೇಗೆ ಅಂತ ನೋಡೋಣ.

1. ಯಾವ ಯೋಜನೆ ನಿಮ್ಮದು, ಗುರುತಿಸಿ

ದೊಡ್ಡ ಬಾಗಿಲು ಸಮಗ್ರ ಶಿಕ್ಷಣ. ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಶಿಕ್ಷಕರ ತರಬೇತಿ ಯೋಜನೆಗಳನ್ನು ಸೇರಿಸಿ 2018ರಲ್ಲಿ ಇದನ್ನು ಮಾಡಿದರು. ಕರ್ನಾಟಕದಲ್ಲಿ ಇದರ ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಇದರಲ್ಲಿ 6ರಿಂದ 12ನೇ ತರಗತಿ ಇರುವ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಎರಡು ಆಯ್ಕೆ ಇವೆ. ಒಂದು, ಕಂಪ್ಯೂಟರ್ ಲ್ಯಾಬ್. ಇನ್ನೊಂದು, ಸ್ಮಾರ್ಟ್ ಕ್ಲಾಸ್, ಅಂದರೆ ದೊಡ್ಡ ಡಿಜಿಟಲ್ ಪರದೆಯಲ್ಲಿ ಪಾಠ ಮಾಡುವ ಕೋಣೆ.

ಲ್ಯಾಬ್‌ಗೆ ಒಂದು ಸಲಕ್ಕೆ ಹೆಚ್ಚೆಂದರೆ 6.40 ಲಕ್ಷ ರೂಪಾಯಿ. ಅದನ್ನು ನಡೆಸುವುದಕ್ಕೆ ವರ್ಷಕ್ಕೆ 2.40 ಲಕ್ಷದವರೆಗೆ, 5 ವರ್ಷ. ಸ್ಮಾರ್ಟ್ ಕ್ಲಾಸ್ ಆದರೆ ಎರಡು ಕೋಣೆಗೆ 2.40 ಲಕ್ಷ, ನಡೆಸುವ ಖರ್ಚಿಗೆ ವರ್ಷಕ್ಕೆ 38 ಸಾವಿರ.

ಇಲ್ಲಿ ಒಂದು ನಿಮಿಷ ನಿಲ್ಲಿ. ಲ್ಯಾಬ್‌ನ ಲೆಕ್ಕ ಕೂಡಿಸಿ ನೋಡಿ. ವರ್ಷಕ್ಕೆ 2.40 ಲಕ್ಷದಂತೆ 5 ವರ್ಷಕ್ಕೆ 12 ಲಕ್ಷ. ಅಂದರೆ ಕೊಳ್ಳುವ ಖರ್ಚಿಗಿಂತ ನಡೆಸುವ ಖರ್ಚು ಹತ್ತಿರ ಹತ್ತಿರ ಎರಡರಷ್ಟು. ಇದು ನಾನು ಹಾಕಿದ ಲೆಕ್ಕವಲ್ಲ, ಸರ್ಕಾರದ್ದೇ ಮಾನದಂಡ. ಕರೆಂಟು, ಇಂಟರ್‌ನೆಟ್, ಪಾಠದ ಸಾಮಗ್ರಿ, ಕಲಿಸುವವರ ಗೌರವಧನ ಎಲ್ಲ ಇದರಲ್ಲೇ ಬರಬೇಕು. ಆದರೂ ನಮ್ಮ ಬೇಡಿಕೆ ಪತ್ರಗಳಲ್ಲಿ ಇರುವುದು ಒಂದೇ ಸಾಲು: ‘20 ಕಂಪ್ಯೂಟರ್ ಕೊಡಿ’. ಪೆಟ್ಟಿಗೆ ಬರುತ್ತದೆ, ಉದ್ಘಾಟನೆ ಆಗುತ್ತದೆ, ಎರಡು ಮೂರು ವರ್ಷಕ್ಕೆ ಯುಪಿಎಸ್ ಬ್ಯಾಟರಿ ಸಾಯುತ್ತದೆ. ಆಮೇಲೆ ಕೋಣೆಗೆ ಬೀಗ. ಹಾಗಾಗಿ ಈ ಲೇಖನ ಪೂರ್ತಿ ನಾನು ಹೇಳುವುದು ಒಂದೇ ಮಾತು: ನಡೆಸುವ ದುಡ್ಡಿನ ಬಗ್ಗೆ ಮೊದಲು ಕೇಳಿ, ಪೆಟ್ಟಿಗೆಯ ಬಗ್ಗೆ ಆಮೇಲೆ.

ಎರಡನೇ ಬಾಗಿಲು ಅಟಲ್ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದ ಕೆಳಗಿನ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುಮಾಡಿದ್ದು. ತ್ರಿಡಿ ಪ್ರಿಂಟರ್, ಸೆನ್ಸರ್, ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ರೋಬಾಟ್ ಕಿಟ್ಟು ಇವೆಲ್ಲ ಇಟ್ಟುಕೊಂಡು ಮಕ್ಕಳು ಕೈಯಾರೆ ಏನಾದರೂ ಮಾಡುವ ಜಾಗ. ಒಟ್ಟು 20 ಲಕ್ಷದವರೆಗೆ ಅನುದಾನ. ಇಲ್ಲೂ ನೋಡಿ, 10 ಲಕ್ಷ ಸಲಕರಣೆಗೆ, ಉಳಿದ 10 ಲಕ್ಷ 5 ವರ್ಷ ನಡೆಸುವುದಕ್ಕೆ. ಸಾಧಾರಣವಾಗಿ 1,500 ಚದರ ಅಡಿ ಜಾಗ ಬೇಕು, ಗುಡ್ಡಗಾಡು ರಾಜ್ಯಗಳಲ್ಲಿ 1,000 ಸಾಕು. ಸರ್ಕಾರಿ ಶಾಲೆಗಳಲ್ಲಿ 5 ವರ್ಷಕ್ಕೆ ಇಂಥ 50 ಸಾವಿರ ಲ್ಯಾಬ್ ಮಾಡುತ್ತೇವೆ, ಗ್ರಾಮೀಣ ಸರ್ಕಾರಿ ಪ್ರೌಢಶಾಲೆಗಳಿಗೆಲ್ಲ ಭಾರತ್‌ನೆಟ್ (ಹಳ್ಳಿಗಳಿಗೆ ಇಂಟರ್‌ನೆಟ್ ಕೊಡುವ ಕೇಂದ್ರದ ಯೋಜನೆ) ಮೂಲಕ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಅಷ್ಟು ಜಾಗ ಇಲ್ಲದ ಹಿರಿಯ ಪ್ರಾಥಮಿಕ ಶಾಲೆಗಳು ಇದರ ಹಿಂದೆ ಓಡುವುದು ಬೇಡ, ಸ್ಮಾರ್ಟ್ ಕ್ಲಾಸೇ ವಾಸಿ.

ಇನ್ನು ಆಯ್ದ ಶಾಲೆಗಳನ್ನು ಮಾದರಿ ಶಾಲೆ ಮಾಡುವ ಕೇಂದ್ರದ ಪಿಎಂ ಶ್ರೀ ಇದೆ. 2022ರಲ್ಲಿ ಬಂದ ಈ ಯೋಜನೆ ದೇಶದಲ್ಲಿ 14,500 ಶಾಲೆಗೆ ಮಾತ್ರ. ನಿಮ್ಮ ಶಾಲೆ ಆ ಪಟ್ಟಿಯಲ್ಲಿದ್ದರೆ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ ಎಂಬ ಶಿಕ್ಷಣ ಕಾರ್ಯಕ್ರಮದ ಬಗ್ಗೆಯೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಉಳಿದ ಜಿಲ್ಲೆಯವರಿಗೆ ಇಲ್ಲದ ಅವಕಾಶ ಅದು.

2. ಯುಡೈಸ್ ಸರಿಮಾಡಿಸಿ

ಇದೇ ಎಲ್ಲರೂ ಎಡವುವ ಹೆಜ್ಜೆ. ಪ್ರತಿ ಶಾಲೆಗೂ 11 ಅಂಕಿಯ ಒಂದು ಯುಡೈಸ್ ಸಂಖ್ಯೆ ಇದೆ. ಕಟ್ಟಡ, ಶೌಚಾಲಯ, ಮಕ್ಕಳು, ಶಿಕ್ಷಕರು, ಕಂಪ್ಯೂಟರ್ ಎಲ್ಲದರ ಲೆಕ್ಕವನ್ನು ಪ್ರತಿವರ್ಷ ಇದರಡಿ ತುಂಬುತ್ತಾರೆ. ಯಾವ ಶಾಲೆಗೆ ಏನು ಕೊರತೆ ಅಂತ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಕೂತವರು ನೋಡುವುದು ಈ ಲೆಕ್ಕವನ್ನೇ. ನಿಮ್ಮ ಮನವಿ ಪತ್ರವನ್ನಲ್ಲ. ಯುಡೈಸ್ ಮಾಹಿತಿಯೇ ಅರ್ಧ ಅರ್ಜಿ ಅಂದುಕೊಳ್ಳಿ.

ಈಗ ಹತ್ತು ವರ್ಷದ ಹಿಂದೆ ಬಂದ ಲ್ಯಾಬ್ ಇರುವ ಒಂದು ಪ್ರೌಢಶಾಲೆಯನ್ನು ನೆನೆಸಿಕೊಳ್ಳಿ. ದಪ್ಪ ಮಾನಿಟರ್‌ಗಳ ಮೇಲೆ ಬಟ್ಟೆಯ ಹೊದಿಕೆ, ಹೊದಿಕೆ ಮೇಲೆ ದೂಳು. ಮೂಲೆಯಲ್ಲಿ ಉಬ್ಬಿದ ಬ್ಯಾಟರಿಗಳು. ಗೋಡೆಯ ಮೇಲೆ ‘ಕಂಪ್ಯೂಟರ್‌ನ ಭಾಗಗಳು’ ಅಂತ ಪೇಂಟ್ ಮಾಡಿದ ಚಿತ್ರ. ಯುಡೈಸ್ ನಮೂನೆಯಲ್ಲಿ ಕಂಪ್ಯೂಟರ್ ಎಷ್ಟಿವೆ ಅನ್ನುವ ಜಾಗದಲ್ಲಿ 10 ಅಂತ ಇದೆ. ಕೆಲಸ ಮಾಡುವುದು ಎಷ್ಟು ಅಂತ ಪಕ್ಕದಲ್ಲೇ ಬೇರೆ ಕೇಳಿದ್ದಾರೆ. ಅಲ್ಲೂ 10! ಹೋದ ವರ್ಷದ್ದನ್ನೇ ನೋಡಿ ತುಂಬಿದ್ದು. ಕಾಗದದ ಮೇಲೆ ಆ ಶಾಲೆಗೆ ಯಾವ ಕೊರತೆಯೂ ಇಲ್ಲ. ಯಾರಾದರೂ ಯಾಕೆ ಕೊಡುತ್ತಾರೆ, ಹೇಳಿ?

ಮುಖ್ಯ ಶಿಕ್ಷಕರ ಜೊತೆ ಕೂತು ನಿಮ್ಮ ಶಾಲೆಯ ಈ ಪುಟ ತೆರೆಸಿ. ಮೂರು ವಿಷಯ ನೋಡಿ: ಕೆಲಸ ಮಾಡುವ ಕಂಪ್ಯೂಟರ್, ಕರೆಂಟು, ಇಂಟರ್‌ನೆಟ್. ಒಂದೊಂದು ಯಂತ್ರವನ್ನೂ ಆನ್ ಮಾಡಿ ನೋಡಿಯೇ ಸಂಖ್ಯೆ ಬರೆಸಿ. ಪ್ರೌಢಶಾಲೆಯಾದರೆ ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರು ಇದ್ದಾರಾ, ಹುದ್ದೆ ಖಾಲಿಯಾ ಅನ್ನುವುದೂ ಸರಿಯಿರಲಿ. ತಿದ್ದುಪಡಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನೆರವಾಗುತ್ತಾರೆ. ಕೆಟ್ಟವನ್ನು ದಾಸ್ತಾನು ವಹಿಯಿಂದ ತೆಗೆಸಲು ಬಿಇಒ ಕಚೇರಿಗೆ ಬರೆಯಿರಿ. ಸುಮ್ನೆ ಗುಜರಿಯವರಿಗೆ ಕೊಟ್ಟುಬಿಡುವ ಹಾಗಿಲ್ಲ, ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

3. ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ

ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರ ಶಿಕ್ಷಣ ಹಕ್ಕು ಕಾಯ್ದೆಯೇ ಪೋಷಕರ ಸಮಿತಿಗೆ ಕೊಟ್ಟಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುತ್ತದೆ ಆ ಕಾಯ್ದೆ. ಬಹಳ ಕಡೆ ಮುಖ್ಯ ಶಿಕ್ಷಕರು ಬರೆದಿಟ್ಟಿದ್ದಕ್ಕೆ ಅಧ್ಯಕ್ಷರು ಸಹಿ ಹಾಕಿ ಚಹಾ ಕುಡಿದು ಎದ್ದುಬರುತ್ತಾರೆ. ಈ ಸಲ ಹಾಗೆ ಮಾಡಬೇಡಿ. ಡಿಸೆಂಬರ್ ಒಳಗೆ ಸಭೆ ಕರೆಯಿರಿ. ಮುಂದಿನ ವರ್ಷದ ಜಿಲ್ಲಾ ಯೋಜನೆ ಅಂತಿಮವಾಗುವ ಮೊದಲೇ ನಿಮ್ಮ ಕಾಗದ ಮೇಲೆ ಹೋಗಿರಬೇಕು.

ಠರಾವು ಹೇಗಿರಬೇಕು? ಒಂದು ಮಾದರಿ ಕೊಡುತ್ತೇನೆ. ಅಂಕಿಗಳನ್ನು ನಿಮ್ಮ ಶಾಲೆಗೆ ತಕ್ಕಂತೆ ಬದಲಿಸಿಕೊಳ್ಳಿ.

‘6ರಿಂದ 8ನೇ ತರಗತಿಯಲ್ಲಿ 94 ಮಕ್ಕಳಿದ್ದಾರೆ. ಕೆಲಸ ಮಾಡುವ ಕಂಪ್ಯೂಟರ್ ಒಂದೂ ಇಲ್ಲ. ಎರಡು ಕೋಣೆಗಳಿಗೆ ಗಟ್ಟಿ ಬಾಗಿಲು, ಕಿಟಕಿಗೆ ಸರಳು, ಕರೆಂಟು, ಅರ್ಥಿಂಗ್ ಇವೆ. ಸಮಗ್ರ ಶಿಕ್ಷಣದಡಿ ಎರಡು ಸ್ಮಾರ್ಟ್ ಕ್ಲಾಸ್ ಮತ್ತು ವಾರ್ಷಿಕ ನಿರ್ವಹಣಾ ಅನುದಾನ ಕೋರಲು ತೀರ್ಮಾನಿಸಲಾಯಿತು. ವಿಜ್ಞಾನ ಶಿಕ್ಷಕರು ಮತ್ತು ಗಣಿತ ಶಿಕ್ಷಕರು ವಾರಕ್ಕೆ ತಲಾ ಮೂರು ಅವಧಿ ಬಳಸುತ್ತಾರೆ, ವೇಳಾಪಟ್ಟಿ ಲಗತ್ತಿಸಿದೆ. ಕೋಣೆಯ ಬೀಗದ ಕೈ ಮುಖ್ಯ ಶಿಕ್ಷಕರು ಮತ್ತು ವಿಜ್ಞಾನ ಶಿಕ್ಷಕರ ಬಳಿ ಇರುತ್ತದೆ.’

ಕೊನೆಯ ಸಾಲು ನೋಡಿ ನಗಬೇಡಿ. ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರು ರಜೆ ಹಾಕಿದ ದಿನ ಸ್ಮಾರ್ಟ್ ಕ್ಲಾಸಿಗೂ ರಜೆ.

ವೇಳಾಪಟ್ಟಿ ಲಗತ್ತಿಸುವುದು ಬಹಳ ಮುಖ್ಯ. ದೊಡ್ಡ ಪರದೆಯಲ್ಲಿ ಕಾರ್ಟೂನ್ ಹಾಕಿ ಮಕ್ಕಳನ್ನು ಕೂರಿಸುವುದಕ್ಕೆ ಇಷ್ಟೆಲ್ಲ ಯಾಕೆ? ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸುವ ಪಾಠ ತೆಗೆದುಕೊಳ್ಳಿ. ಶಾಲೆಯಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ. 40 ಮಕ್ಕಳು ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ಇಣುಕುತ್ತಾರೆ, ಅರ್ಧದಷ್ಟು ಮಂದಿಗೆ ಕಾಣುವುದು ಅವರದೇ ರೆಪ್ಪೆ. ಅದೇ ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಕ್ಯಾಮೆರಾ ಹಿಡಿದು, ಅದನ್ನು ಪರದೆಗೆ ಜೋಡಿಸಿದರೆ ಇಟ್ಟಿಗೆ ಜೋಡಿಸಿದಂತಿರುವ ಕೋಶಗಳು ಎಲ್ಲರಿಗೂ ಒಟ್ಟಿಗೇ ಕಾಣುತ್ತವೆ. ‘ಮೇಷ್ಟ್ರೇ, ಆ ಚುಕ್ಕಿ ಏನು?’ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವುದು ಆಗಲೇ. ಇಂಥ ನಾಲ್ಕೈದು ಪಾಠಗಳ ಹೆಸರನ್ನು ಶಿಕ್ಷಕರಿಂದಲೇ ಬರೆಸಿ ಠರಾವಿನ ಜೊತೆ ಇಡಿ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ಸಿಗುವ ವಿಡಿಯೊಗಳೂ ಉಚಿತ. ಅದಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಿ ಅಂತ ಯಾರಾದರೂ ಬಂದರೆ ನಯವಾಗಿ ಕಳಿಸಿಬಿಡಿ.

4. ಕಾಗದ ಕೊಟ್ಟು ಬೆನ್ನು ಹತ್ತಿ

ಠರಾವಿನ ಪ್ರತಿ, ಯುಡೈಸ್ ವರದಿ, ಕೋಣೆಯ ನಾಲ್ಕು ಫೋಟೊ, ವೇಳಾಪಟ್ಟಿ. ಇಷ್ಟನ್ನು ಬಿಇಒ ಕಚೇರಿಗೂ ಬಿಆರ್‌ಸಿಗೂ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಲ್ಲಿಂದ ಜಿಲ್ಲೆ, ಆಮೇಲೆ ರಾಜ್ಯ ಕಚೇರಿ, ಕೊನೆಗೆ ದೆಹಲಿಯಲ್ಲಿ ಯೋಜನಾ ಅನುಮೋದನಾ ಮಂಡಳಿ. ಈ ಮಂಡಳಿಯ ನಡಾವಳಿಯನ್ನು ಜಾಲತಾಣದಲ್ಲಿ ಹಾಕುತ್ತಾರೆ, ರಾಜ್ಯಕ್ಕೆ ಎಷ್ಟು ಲ್ಯಾಬ್, ಎಷ್ಟು ಸ್ಮಾರ್ಟ್ ಕ್ಲಾಸ್ ಒಪ್ಪಿದರು ಅಂತ ಅದರಲ್ಲಿ ಸಿಗುತ್ತದೆ. ಅಟಲ್ ಲ್ಯಾಬ್‌ಗೆ ಮಾತ್ರ ದಾರಿ ಬೇರೆ: ಅರ್ಜಿ ಕರೆದಾಗ ಶಾಲೆಯೇ ನೇರವಾಗಿ ಆನ್‌ಲೈನ್‌ನಲ್ಲಿ ಹಾಕಬೇಕು.

ಈಗ ಬೇಕಾದರೆ ಶಾಸಕರ ಮನೆಗೂ ಹೋಗಿ ಬನ್ನಿ. ಕೈಯಲ್ಲಿ ಈ ಕಡತ ಇದ್ದರೆ ಮಾತಿಗೆ ತೂಕ ಜಾಸ್ತಿ. ಸ್ಮಾರ್ಟ್ ಕ್ಲಾಸ್ ಕೇಳುವ ಬದಲು ಕಿಟಕಿಗೆ ಸರಳು, ವೈರಿಂಗ್ ಕೇಳಿ. ಸಣ್ಣ ಕೆಲಸ, ಬೇಗ ಆಗುತ್ತದೆ. ಇದನ್ನು ಗ್ರಾಮ ಪಂಚಾಯಿತಿಯಲ್ಲೂ ಕೇಳಬಹುದು.

5. ಸಾಮಾನು ಬಂದಾಗ

ಬಹುತೇಕ ಸಲ ಖರೀದಿ ಮೇಲಿನ ಹಂತದಲ್ಲೇ ಆಗಿ, ಸಾಮಾನು ನೇರ ಶಾಲೆಗೆ ಬರುತ್ತದೆ. ಲಾರಿಯವರಿಗೆ ಆತುರ, ಸಹಿ ಕೇಳುತ್ತಾರೆ. ಡಬ್ಬಗಳ ಸಂಖ್ಯೆಗೆ ಮಾತ್ರ ಸಹಿ ಮಾಡಿ. ‘ಅಳವಡಿಸಲಾಗಿದೆ’ ಅನ್ನುವ ಕಾಗದಕ್ಕೆ ಸಹಿ ಎಲ್ಲ ಜೋಡಿಸಿ, ಕನಿಷ್ಠ ಒಂದು ಪಾಠ ನಡೆಸಿ ನೋಡಿದ ಮೇಲೆ. ಕರೆಂಟು ತೆಗೆದು ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತಲೂ ಆವತ್ತೇ ನೋಡಿ. ಪ್ರತಿ ಯಂತ್ರದ ಸೀರಿಯಲ್ ನಂಬರ್, ವಾರಂಟಿ ಮುಗಿಯುವ ದಿನ, ರಿಪೇರಿಗೆ ಕರೆಯಬೇಕಾದ ಫೋನ್ ನಂಬರ್ ದಾಸ್ತಾನು ವಹಿಗೆ ಏರಲಿ. ಫೋನ್ ನಂಬರನ್ನು ಕೋಣೆಯ ಗೋಡೆಗೂ ಅಂಟಿಸಿ.

6. ನಡೆಸುವ ಖರ್ಚು ಎಲ್ಲಿಂದ?

ಮಂಜೂರಾದ ವಾರ್ಷಿಕ ಅನುದಾನ ತಡವಾಗುವುದು ಮಾಮೂಲು. ಆಗ ಕೈಹಿಡಿಯುವುದು ಸಂಯುಕ್ತ ಶಾಲಾ ಅನುದಾನ. ಇದು ಸರ್ಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ: 30 ಮಕ್ಕಳವರೆಗೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ, ಅದಕ್ಕೂ ಮೇಲಿದ್ದರೆ 1 ಲಕ್ಷ. ಶೇ 10ರಷ್ಟನ್ನು ಸ್ವಚ್ಛತೆಗೆ ತೆಗೆದಿಡಬೇಕು. ಉಳಿದದ್ದರಲ್ಲಿ ಇಂಟರ್‌ನೆಟ್, ಕೆಟ್ಟ ಸಲಕರಣೆಯ ಬದಲಿ, ಪ್ರಯೋಗಾಲಯದ ಸಾಮಾನು, ಬೋಧನೋಪಕರಣ ಎಲ್ಲಕ್ಕೂ ಅವಕಾಶ ಇದೆ. ಸುಣ್ಣಬಣ್ಣಕ್ಕೇ ಅಷ್ಟನ್ನೂ ಮುಗಿಸಬೇಡಿ. ಕರೆಂಟ್ ಬಿಲ್ಲಿನ ಚಿಂತೆ ಸರ್ಕಾರಿ ಶಾಲೆಗಳಿಗೆ ಈಗ ಕಡಿಮೆ. ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2023ರ ನವೆಂಬರ್ 1ರಂದು ಘೋಷಿಸಿದರು. ನಿಮ್ಮ ಶಾಲೆಯ ಮೀಟರ್ ನಂಬರ್ ಆ ಪಟ್ಟಿಗೆ ಸೇರಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಸ್ಮಾರ್ಟ್ ಕ್ಲಾಸಿನ 38 ಸಾವಿರ ಅಂದರೆ ತಿಂಗಳಿಗೆ 3 ಸಾವಿರದ ಚಿಲ್ಲರೆ. ಅದರಲ್ಲಿ ಪ್ರತಿ ತಿಂಗಳು ಸ್ವಲ್ಪ ಬ್ಯಾಟರಿಗೆ ಅಂತ ಕೂಡಿಡೋಣ ಅಂದರೆ ಆಗುವುದಿಲ್ಲ. ಮಾರ್ಚ್ 31ರ ಒಳಗೆ ಖರ್ಚಾಗದ್ದು ಸಾಮಾನ್ಯವಾಗಿ ವಾಪಸ್ ಹೋಗುತ್ತದೆ. ಹಾಗಾಗಿ ಬ್ಯಾಟರಿಗೆ ಮೂರು ವರ್ಷ ಆಗುತ್ತಾ ಬಂತು ಅನ್ನುವಾಗ ಆ ವರ್ಷದ ಅನುದಾನದಲ್ಲಿ ಮೊದಲ ಖರ್ಚೇ ಅದಾಗಲಿ.

ಬಿಲ್ಲು, ಕೊಟೇಷನ್, ನಗದು ಪುಸ್ತಕದ ನಮೂದು ಒಂದೇ ಕಡತದಲ್ಲಿ ಇರಲಿ. ಹಣ ಬಳಕೆ ಪ್ರಮಾಣಪತ್ರವನ್ನು ಏಪ್ರಿಲ್‌ನಲ್ಲೇ ಕೊಟ್ಟುಬಿಡಿ. ಮೊದಲ ಕಂತಿನ ಲೆಕ್ಕ ಮುಟ್ಟದಿದ್ದರೆ ಎರಡನೇ ಕಂತು ಅಲ್ಲೇ ನಿಲ್ಲುತ್ತದೆ, ಅಟಲ್ ಲ್ಯಾಬ್‌ನಲ್ಲಂತೂ ಇದು ಕಟ್ಟುನಿಟ್ಟು.