ಅಮ್ಮನ ಕೋಣೆಗೊಂದು ಶೌಚಾಲಯ: ಪಂಚಾಯಿತಿ ಪರವಾನಗಿ ಪಡೆದ ನನ್ನ ಅನುಭವ

ಹಳೆಯ ಮನೆಯ ಮಗ್ಗುಲಿಗೆ ಒಂದು ಚಿಕ್ಕ ಶೌಚಾಲಯ ಕಟ್ಟುವುದಕ್ಕೆ ಮೇಸ್ತ್ರಿ ಸಿಕ್ಕರೆ ಸಾಕು, ಬೇರೆ ಯಾರನ್ನೂ ಕೇಳಬೇಕಾಗಿಲ್ಲ ಎಂಬ ತಿಳುವಳಿಕೆ ನಮ್ಮ ಕಡೆ ಸಾಮಾನ್ಯವಾಗಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣ ಹೇಳುವುದು ಬೇರೆ: ಹೊಸ ಕಟ್ಟಡಕ್ಕಷ್ಟೇ ಅಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವುದಕ್ಕೂ ಅದಕ್ಕೆ ಏನನ್ನಾದರೂ ಸೇರಿಸುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಮಡಿಕೇರಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಇದ್ದ ಒಂದೇ ಶೌಚಾಲಯ ಹಿತ್ತಲಿನಲ್ಲಿತ್ತು. ಮಂಡಿನೋವಿನ ಅಮ್ಮ ಮಳೆಯಲ್ಲಿ ಪಾಚಿಗಟ್ಟಿದ ಮೆಟ್ಟಿಲು ಇಳಿದು ಅಲ್ಲಿಗೆ ಹೋಗುವುದು ಅಪಾಯವೆನಿಸಿದ್ದರಿಂದ, ಅವರ ಕೋಣೆಗೆ ಹೊಂದಿಕೊಂಡಂತೆ ಇನ್ನೊಂದನ್ನು ಕಟ್ಟುವುದೆಂದು ನಿರ್ಧರಿಸಿ ಅನುಮತಿಗೆ ಅರ್ಜಿ ಹಾಕಿದೆ. ಆ ಅರ್ಜಿಯ ಕೆಲಸದಲ್ಲಿ ಕೋಣೆಯ ಗೋಡೆಗಿಂತ ಹೆಚ್ಚಿನ ಯೋಚನೆಯನ್ನು ಬೇಡಿದ್ದು ಅಲ್ಲಿಂದ ಹೊರಡುವ ನೀರು.

ಮನೆ ನಿಂತಿರುವ ಜಾಗ ಮೊದಲೇ ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾಗಿದ್ದರಿಂದ, ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ನಮ್ಮ ಹೆಸರಿನಲ್ಲಿ ಸಿದ್ಧವಿದ್ದವು. ಅವುಗಳ ಜೊತೆಗೆ ಚಾಲ್ತಿ ವರ್ಷದ ತೆರಿಗೆ ರಸೀದಿಯನ್ನೂ ಎಂಜಿನಿಯರ್ ಸಹಿ ಮಾಡಿದ ನಕ್ಷೆಯನ್ನೂ ಇಟ್ಟು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಅರ್ಜಿ ಕೊಟ್ಟೆ. ತೊಡಕು ಬಂದದ್ದು ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಮಣ್ಣಿಗೆ ಇಂಗಿಸುವ ಗುಂಡಿಯ ಜಾಗದ ವಿಷಯದಲ್ಲಿ. ಪರಿವರ್ತನೆಯಾದ ಜಾಗದೊಳಗೆ ಬಾವಿಯಿಂದ ಸಾಕಷ್ಟು ದೂರ ಸಿಗದೆ, ಆ ಇಂಗುಗುಂಡಿಯನ್ನು ಪಕ್ಕದ ಜಮ್ಮಾ ಬಾಣೆಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬರುವ ಎತ್ತರದ ಜಮೀನು) ಕಾಫಿ ತೋಟದೊಳಗೆ ತೋಡಬೇಕಾಗಿತ್ತು. ಆ ಬಾಣೆಯ ಪಹಣಿಯಲ್ಲಿ ಪಟ್ಟೆದಾರರಾದ ಕುಟುಂಬದ ಹಿರಿಯರ ಹೆಸರಿನೊಡನೆ ನಮ್ಮ ಒಕ್ಕದ, ಅಂದರೆ ಮನೆತನದ, ಇತರರ ಹೆಸರುಗಳೂ ಇವೆ. ದೊಡ್ಡಪ್ಪನ ಮಕ್ಕಳ ಮನೆಗೆ ನಕ್ಷೆಯನ್ನೇ ಹಿಡಿದುಕೊಂಡು ಹೋಗಿ, ಗುಂಡಿ ಎಲ್ಲಿ ಬರುತ್ತದೆ, ಅವರ ಬಾವಿಗೆ ಅದು ಎಷ್ಟು ದೂರ ಎಂಬುದನ್ನು ತೋರಿಸಿ ಒಪ್ಪಿಗೆ ಪತ್ರ ಬರೆಸಿಕೊಂಡೆ. ಒಕ್ಕದೊಳಗೆ ಬಾಯಿಮಾತು ಸಾಕೆಂದು ತೋರಿದರೂ, ಮುಂದೆ ಪಾಲಾಗುವ ಜಮೀನಿನಲ್ಲಿ ಬೇರೊಬ್ಬರ ಮನೆಯ ಕೊಳಚೆ ನೀರು ಇಂಗುತ್ತದೆ ಎಂಬುದು ಕಾಗದದ ಮೇಲೆ ಇರಲೇಬೇಕಾದ ಸಂಗತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಕಮೋಡಿನ ಪೈಪನ್ನು ಹಿತ್ತಲಿನ ಹಳೆಯ ಗುಂಡಿಗೇ ಜೋಡಿಸಿಬಿಡಿ, ಖರ್ಚು ಉಳಿಯುತ್ತದೆ ಎಂಬ ಸಲಹೆ ಹಲವರಿಂದ ಬಂತು. ಆ ಗುಂಡಿ ಬಾವಿಗಿಂತ ಎತ್ತರದಲ್ಲಿದೆ, ಬಾವಿಗೆ ಹತ್ತಿರವೂ ಇದೆ. ಅದಕ್ಕೆ ಇನ್ನಷ್ಟು ನೀರು ಸೇರಿಸುವ ಮನಸ್ಸಾಗಲಿಲ್ಲ. ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ 2470ರ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರವಿರಬೇಕು. ನಾನು ನಕ್ಷೆ ಬರೆಸುವ ಮೊದಲು ಬಾವಿಯ ಕಟ್ಟೆಯಿಂದಲೇ ಟೇಪು ಹಿಡಿದು 60 ಅಡಿ ಅಳೆದು, ಆ ಗೆರೆಯಿಂದಾಚೆಗೆ ಬಾವಿಗಿಂತ ತಗ್ಗಿನಲ್ಲಿರುವ ಜಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ.

ದೂರವೊಂದೇ ಸಾಲದು ಎನ್ನುವುದಕ್ಕೆ ನಮ್ಮ ಮಳೆಯೇ ಕಾರಣ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ನಮ್ಮ ಬಾವಿಯ ನೀರು ಬಾಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ್ದು ಚೆನ್ನಾಗಿ ನೀರು ಕುಡಿಯುವ ಮಣ್ಣು ಆ ತಿಂಗಳಲ್ಲಿ ಒಂದು ಕೊಡ ನೀರನ್ನೂ ಇಂಗಿಸಿಕೊಳ್ಳುವುದಿಲ್ಲ. ಗುಂಡಿಯ ತಳ ಅಂತರ್ಜಲದಲ್ಲೇ ಮುಳುಗಿದ್ದರೆ ಕೊಳಚೆಯೂ ಬಾವಿಯ ನೀರೂ ಒಂದೇ ಆಗುತ್ತವೆ. ಹಾಗಾಗಿ ಗುಂಡಿ ತೋಡುವುದಕ್ಕೆ ಬೇಸಿಗೆ ಸರಿಯಾದರೂ ಜಾಗ ಗುರುತಿಸುವುದಕ್ಕೆ ಮಳೆಗಾಲವೇ ಸರಿ ಎಂದುಕೊಂಡು, ಜೋರು ಮಳೆಯ ದಿನಗಳಲ್ಲಿ ಕಾಫಿ ಗಿಡಗಳ ನಡುವೆ ಬೇರೆ ಬೇರೆ ಕಡೆ ಪರೀಕ್ಷೆಯ ಗುಳಿಗಳನ್ನು ತೆಗೆಸಿ, ಮೇಲೆ ತಗಡು ಮುಚ್ಚಿ, ಮಾರನೆಯ ದಿನ ಯಾವುದರಲ್ಲಿ ಒರತೆ ನಿಂತಿದೆ, ಯಾವುದರಲ್ಲಿ ಇಲ್ಲ ಎಂದು ನೋಡಿದೆ. ಒರತೆ ಬಾರದ ಒಂದು ಗುಳಿ ಬರೆಯ, ಅಂದರೆ ಗುಡ್ಡ ಕಡಿದು ನೆಟ್ಟಗಾದ ಮಣ್ಣಿನ ದಿಣ್ಣೆಯ, ಅಂಚಿನಲ್ಲಿತ್ತು. ಅದನ್ನು ಕೂಡಲೇ ಕೈಬಿಟ್ಟೆ. ಕಡಿದ ಬರೆಯ ನೆತ್ತಿಯಲ್ಲಿ ವರ್ಷವಿಡೀ ನೀರು ಇಂಗಿಸಿದರೆ ಮಣ್ಣು ತೂಕ ಹೊತ್ತು ಸಡಿಲಗೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜರಿದದ್ದನ್ನು ಕಂಡ ಈ ಜಿಲ್ಲೆಯಲ್ಲಿ, ಎಷ್ಟೇ ಸಣ್ಣ ಗುಂಡಿಯಾದರೂ ಬರೆಯ ಮೇಲೆ ಬೇಡ.

ಸ್ಥಳ ಪರಿಶೀಲನೆಗೆ ಬಂದವರು ಮೊದಲು ಕೇಳಿದ್ದೂ ಬಾವಿ ಎಲ್ಲಿದೆ ಎಂದೇ. ನಕ್ಷೆಯಲ್ಲಿ ಬಾವಿ, ಬರೆ, ಟ್ಯಾಂಕ್, ಇಂಗುಗುಂಡಿ, ಮಳೆನೀರು ಹರಿಯುವ ಚರಂಡಿ ಎಲ್ಲವನ್ನೂ ಅಳತೆ ಸಮೇತ ಗುರುತಿಸಿದ್ದರಿಂದ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಶುಲ್ಕ ಕಟ್ಟಿ ರಸೀದಿ ಪಡೆದ ಮೇಲೆ ಪರವಾನಗಿ ಕೈಸೇರಿತು.

ಕೋಣೆಯ ವಿಷಯದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಅನುಸರಿಸಿದೆವು. ಶೌಚಾಲಯಕ್ಕೆ ಅದು ಹೇಳುವ ಕನಿಷ್ಠ ವಿಸ್ತೀರ್ಣ 1.1 ಚದರ ಮೀಟರ್, ಕನಿಷ್ಠ ಅಗಲ 0.9 ಮೀಟರ್. ಅಮ್ಮನಿಗೆ ಆಸರೆ ಕೊಡಲು ಇನ್ನೊಬ್ಬರೂ ಒಳಗೆ ನಿಲ್ಲಬೇಕಾಗುವುದರಿಂದ ನಾವು 4 ಅಡಿ ಅಗಲ, 6 ಅಡಿ ಉದ್ದ ಇಟ್ಟುಕೊಂಡೆವು. ಒಂದು ಗೋಡೆಯಾದರೂ ಹೊರಗಿನ ಗಾಳಿಗೆ ತೆರೆದಿರಬೇಕು, ಕಿಟಕಿಯೋ ವೆಂಟಿಲೇಟರೋ 0.37 ಚದರ ಮೀಟರಿಗೆ ಕಡಿಮೆಯಿರಬಾರದು ಎಂಬ ನಿಯಮಕ್ಕೆ ಎರಡಡಿ ಅಗಲ, ಎರಡಡಿ ಎತ್ತರದ ಕಿಟಕಿ ಸರಿಹೋಯಿತು. ತಿಂಗಳುಗಟ್ಟಲೆ ಬಿಸಿಲು ಕಾಣದ ನಮ್ಮ ಊರಿನಲ್ಲಿ ಆ ಕಿಟಕಿಯಿಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುವುದು ಖಂಡಿತ. ಬಾಗಿಲು ಹೊರಕ್ಕೆ ತೆರೆಯುವಂತೆ ಇಟ್ಟದ್ದು ನಿಯಮಕ್ಕಾಗಿ ಅಲ್ಲ, ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡವಾಗುತ್ತಾರೆ ಎಂಬ ಕಾರಣಕ್ಕೆ. ಕೈಹಿಡಿಯ ಸ್ಟೀಲ್ ಕಂಬಿಗಳಿಗೆ ಟೈಲ್ಸ್ ಹಾಕುವ ಮೊದಲೇ ಗೋಡೆಯಲ್ಲಿ ಗಟ್ಟಿ ಆಧಾರ ಕೊಡಿಸಿದೆ.

ಟ್ಯಾಂಕಿಗೆ ಭಾರತೀಯ ಮಾನಕ 2470ರಲ್ಲಿ ಐದು ಜನರ ಬಳಕೆಗೆ ಸೂಚಿಸಿದ ಅಳತೆಯನ್ನೇ ಹಿಡಿದೆವು: ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರು ನಿಲ್ಲುವ ಆಳ ಒಂದು ಮೀಟರ್, ಅದರ ಮೇಲೆ 300 ಮಿಲಿಮೀಟರ್ ಖಾಲಿ ಜಾಗ. ಕೋಣೆಯಿಂದ ಟ್ಯಾಂಕಿಗೆ ಹೋಗುವ ನಾಲ್ಕಿಂಚಿನ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು, ತಿರುವಿನಲ್ಲಿ ಒಂದು ಚೇಂಬರ್ ಇಟ್ಟೆವು. ಹಂಚಿನ ಮಾಡಿನಿಂದ ಇಳಿಯುವ ಮಳೆನೀರು ಟ್ಯಾಂಕಿಗಾಗಲಿ ಗುಂಡಿಗಾಗಲಿ ಒಂದು ಹನಿಯೂ ಸೇರದಂತೆ ಅಂಚುಗಳನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ, ಮೇಲ್ಭಾಗದಲ್ಲಿ ಅಡ್ಡ ಚರಂಡಿ ತೆಗೆಸಿದೆವು. ಈ ಚರಂಡಿಗೆ ಆದ ಖರ್ಚು ತೀರಾ ಕಡಿಮೆ. ಮೊದಲ ಮಳೆಗಾಲದಲ್ಲಿ ಗುಂಡಿ ಉಕ್ಕದೆ ಇದ್ದದ್ದರಲ್ಲಿ ಅದರ ಪಾಲು ದೊಡ್ಡದೆಂದೇ ನಾನು ನಂಬಿದ್ದೇನೆ.

ಸ್ವಚ್ಛ ಭಾರತ್ ಮಿಷನ್‌ನ 12,000 ರೂಪಾಯಿ ಪ್ರೋತ್ಸಾಹಧನದ ಬಗ್ಗೆ ಕೆಲವರು ವಿಚಾರಿಸಿದ್ದಾರೆ. ಅದು ಶೌಚಾಲಯವೇ ಇಲ್ಲದ ಅರ್ಹ ಕುಟುಂಬಗಳಿಗೆ ಮೀಸಲು, ಎರಡನೆಯದಕ್ಕೆ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ನಕ್ಷೆಯ ಹಂತದಲ್ಲೇ ನೋಡಿಕೊಳ್ಳಬೇಕು. ಸೆಪ್ಟಿಕ್ ಟ್ಯಾಂಕಿನೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಸ್ವಚ್ಛಗೊಳಿಸುವುದು ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ಯಂತ್ರದ ಗಾಡಿಯೇ ಬಂದು ಹೂಳು ಹೀರಬೇಕಾದರೆ ಅದು ನಿಲ್ಲುವ ಜಾಗದಿಂದ ಪೈಪು ಟ್ಯಾಂಕಿಗೆ ಎಟುಕಬೇಕು. ಆ ಕಾರಣಕ್ಕೆ ನಾವು ಇಂಗುಗುಂಡಿಯನ್ನು ತೋಟದೊಳಗೆ ತೋಡಿಸಿದರೂ ಟ್ಯಾಂಕನ್ನು ಜೀಪು ಬರುವ ದಾರಿಯ ಪಕ್ಕದಲ್ಲೇ ಇಟ್ಟು, ಅದರ ಮುಚ್ಚಳದ ಮೇಲೆ ಮಣ್ಣು ಹರಡದೆ ಬಿಟ್ಟಿದ್ದೇವೆ.