ಸಿನಗಾಗ್ ಅಂಗಳದಲ್ಲಿ ಗಿಡ ನೆಡುವಾಗ ಬುಡ ಹೂತುಬಿಡಬೇಡಿ

ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ. ಅವರಲ್ಲಿ ಗಿಡಮರಗಳಿಗೇ ಒಂದು ಹಬ್ಬವಿದೆ, ತು ಬಿಶ್ವಾತ್. ಬರುವುದು ಜನವರಿ ಇಲ್ಲವೇ ಫೆಬ್ರವರಿಯಲ್ಲಿ. ಇಸ್ರೇಲಿನಲ್ಲಿ ಅದು ಬಾದಾಮಿ ಹೂ ಬಿಡುವ, ಗಿಡ ನೆಡುವ ಕಾಲ. ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಆಗ ನೆಲವೇ ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಹಬ್ಬದ ದಿನ ಹಣ್ಣು ತಿಂದು ಚಂದಾ ಎತ್ತಿ, ನೆಡುವ ಕೆಲಸವನ್ನು ಏಪ್ರಿಲ್‌ಗೋ, ಸುಕ್ಕೋತ್ ಹಬ್ಬ ಮುಗಿದ ಮೇಲೆ ಅಕ್ಟೋಬರ್‌ಗೋ ಇಟ್ಟುಕೊಳ್ಳಬೇಕು. ಶನಿವಾರ ಸಬ್ಬತ್, ಅವರ ವಿಶ್ರಾಂತಿಯ ದಿನ, ಅಗೆಯುವಂತಿಲ್ಲ. ಭಾನುವಾರವೇ ಸರಿ. ಅಲ್ಲಿರುವ ನಮ್ಮವರೂ ನೆರೆಯ ಯಹೂದಿಗಳು ಕರೆದರೆ ಗುದ್ದಲಿ ಹಿಡಿದು ಹೊರಡುತ್ತೀರಿ ಅಲ್ವಾ, ಅದಕ್ಕೇ ಇದು.

1. ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಪೈಪು, ಕೇಬಲ್ಲು ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ.

2. ಆ ಊರಿನದೇ ಗಿಡ ತನ್ನಿ. ಓಕ್ ಆದರೆ ಕಣ್ಣು ಮುಚ್ಚಿ ನೆಡಬಹುದು. ಬ್ರ್ಯಾಡ್‌ಫರ್ಡ್ ಪೇರ್ ಅನ್ನುವ ಅಲಂಕಾರದ ಮರ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ: ಗಾಳಿಗೆ ಸೀಳುತ್ತದೆ, ಹೂವು ನಾರುತ್ತದೆ, ಬೀಜ ಹರಡಿ ಕಂಡಕಂಡಲ್ಲಿ ಏಳುತ್ತದೆ. ಒಹಾಯೊ 2023ರಲ್ಲಿ, ಪೆನ್ಸಿಲ್ವೇನಿಯಾ 2024ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿವೆ. ಹಣ್ಣಿನ ಗಿಡವೇ ಬೇಕೆಂದರೆ, ಮೊದಲ 3 ವರ್ಷದ ಹಣ್ಣು ತಿನ್ನಬಾರದೆಂದು ಅವರ ಧರ್ಮಗ್ರಂಥದ ಯಾಜಕಕಾಂಡದಲ್ಲಿದೆ. ಮಕ್ಕಳಿಗೆ ಮೊದಲೇ ಹೇಳಿಡಿ.

3. ಗುಣಿ ಅಗಲವಾಗಿರಲಿ, ಬೇರುಗಡ್ಡೆಯ (ಬೇರಿನ ಸುತ್ತ ಮಣ್ಣು ಕಚ್ಚಿಕೊಂಡ ಉಂಡೆ) ಎರಡು ಮೂರು ಪಟ್ಟು. ಆಳ ಗಡ್ಡೆಯಷ್ಟೇ.

4. ಎಲ್ಲರೂ ಕೆಡಿಸುವುದು ಇಲ್ಲಿಯೇ. ಕಾಂಡ ಕೆಳಗೆ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣಬೇಕು. ನರ್ಸರಿಯಿಂದ ಬರುವಾಗಲೇ ಅದರ ಮೇಲೆ ಎರಡು ಮೂರು ಇಂಚು ಮಣ್ಣು ಕೂತಿರುವುದು ಮಾಮೂಲು. ಬೆರಳಿನಲ್ಲಿ ಕೆದಕುತ್ತಾ ಹೋಗಿ. ಕಾಂಡ ವಿದ್ಯುತ್ ಕಂಬದಂತೆ ನೆಟ್ಟಗೆ ಇಳಿಯುತ್ತಿದ್ದರೆ ಇನ್ನೂ ಕೆದಕಬೇಕು. ಕುಂಡದೊಳಗೆ ಸುತ್ತಿಕೊಂಡ ಬೇರನ್ನು ಕತ್ತರಿಸಿ ಬಿಡಿಸಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆಲ್ಲ ಅದೇ ಉರುಳಾಗುತ್ತದೆ. ಕಾಂಡ ಹಿಡಿದು ಎತ್ತಬೇಡಿ, ಗಡ್ಡೆ ಹಿಡಿದು ಗುಣಿಗೆ ಇಳಿಸಿ, ಗುದ್ದಲಿ ಹಿಡಿಯನ್ನು ಗುಣಿಗೆ ಅಡ್ಡ ಇಟ್ಟು ನೋಡಿ: ಆ ಅಗಲದ ಜಾಗ ಹಿಡಿಯ ಮಟ್ಟಕ್ಕೆ, ಬೇಕಾದರೆ ಒಂದಿಂಚು ಮೇಲೆ ಇರಬೇಕು. ಕೆಳಗಿದ್ದರೆ ಸುಮ್ನೆ ಬಿಡಬೇಡಿ, ಹೊರತೆಗೆದು ಅಡಿಗೆ ಮಣ್ಣು ಹಾಕಿ ತುಳಿದು ಮತ್ತೆ ಇಳಿಸಿ. ನಂತರ ಗಡ್ಡೆಗೆ ಸುತ್ತಿರುವ ತಂತಿಯನ್ನೂ ಗೋಣಿಬಟ್ಟೆಯನ್ನೂ ಕತ್ತರಿಸಿ ತೆಗೆಯಿರಿ. "ಗೋಣಿ ತಾನೇ ಕೊಳೆಯುತ್ತೆ" ಅನ್ನುವ ಮಾತು ನಂಬಬೇಡಿ, ಈಗ ಬರುವ ಎಷ್ಟೋ ಗೋಣಿ ಪ್ಲಾಸ್ಟಿಕ್ಕೇ.

5. ಅಗೆದ ಮಣ್ಣನ್ನೇ ತುಂಬಿ. ಗೊಬ್ಬರದ ಚೀಲ ಅಂಗಡಿಯಲ್ಲೇ ಇರಲಿ.

6. ಮೇಲೆ ಮೂರಿಂಚು ಮರದ ಚೂರು, ಕಾಂಡಕ್ಕೆ ತಾಗದಂತೆ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ, ಇಲಿ ಬಂದು ಕಡಿಯುತ್ತದೆ. ಕೆಂಪು ಬಣ್ಣ ಹಾಕಿದ ಚೂರಂತೂ ನನಗೆ ಆಗದು.

7. ನೆಟ್ಟ ದಿನ ಐವತ್ತು ಜನ, ಜುಲೈನಲ್ಲಿ ನೀರಿಗೆ ಯಾರೂ ಇಲ್ಲ! ಎರಡು ಬೇಸಿಗೆಗೂ ಹೆಸರು ಹಾಕಿ ಈಗಲೇ ಪಟ್ಟಿ ಮಾಡಿ. ಶನಿವಾರದ ಕೆಳಗೆ ಯಾರ ಹೆಸರೂ ಬೇಡ, ಕಟ್ಟುನಿಟ್ಟಿನವರಿಗೆ ಅಂದು ನೀರು ಹಾಕುವುದೂ ನಿಷಿದ್ಧ.